ಗಂಟೆ ಹೊಡೆದರೆ ಬಿಚ್ಚುವ ಕೈ

ಕೋಟೆಯ ಒಳ ಅಂಗಳ,
ನಿನ್ನ ಒಲೆಯ ಎದುರಿನ ಕಟ್ಟೆ,
ಶನಿವಾರ, ಹೆಬ್ಬಾಗಿಲು ತೆಗೆಯುವ ಮೊದಲು

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಅದನ್ನು ಇನ್ನಷ್ಟು ಜಾಸ್ತಿ ಮಾಡಿಕೊಂಡಿರುತ್ತೀಯ, ನನಗೆ ಗೊತ್ತು. ಸ್ವಲ್ಪ ಎಣ್ಣೆ ಹಚ್ಚಿಕೋ ಅಂದರೆ "ನನಗೆಲ್ಲಿದೆ ಪುರಸೊತ್ತು" ಅನ್ನುವವಳು ನೀನು. ಬಾಣಂತಿಯನ್ನು ನೋಡಿಕೊಳ್ಳುವವರನ್ನೂ ಯಾರಾದರೂ ನೋಡಿಕೊಳ್ಳಬೇಕು ಅಂತ ಅಳಿಯನಿಗೆ ನಾನು ಹೇಳಿದೆ ಎಂದು ಹೇಳು. ಮಗಳು ಹೊಟ್ಟೆ ತುಂಬ ತಿನ್ನುತ್ತಿದ್ದಾಳೆ ತಾನೆ? ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಈಗ ಹಾಗೆ ಬಿಟ್ಟರೆ ನಷ್ಟ ಇಬ್ಬರಿಗೆ ಅಂತ ಗದರಿಸು. ಇನ್ನು ಮೊಮ್ಮಗಳು. ಫೋನಿನಲ್ಲಿ ಅವಳ ಅಳು ಬಿಟ್ಟರೆ ನನಗೆ ಬೇರೇನೂ ಸಿಕ್ಕಿಲ್ಲ. ಮೂಗು ಯಾರದು ಅಂತ ಎಷ್ಟು ಸಲ ಕೇಳಿದರೂ ನೀನು ಹೇಳುತ್ತಿಲ್ಲ. ನೀನು ಹೇಳುತ್ತಿಲ್ಲ ಅಂದರೆ ಅದು ನನ್ನದೇ ಇರಬೇಕು, ಪಾಪ ಮಗು.

ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ಉಣ್ಣುವ ಹಾಗೆ ಇಲ್ಲಿ ಎಲ್ಲರೂ ನನ್ನನ್ನು ಕಾಯುತ್ತಿದ್ದಾರೆ. ಯಾಕೆ ಕಾಯುತ್ತಿದ್ದಾರೆ ಅಂತ ಆಮೇಲೆ ಹೇಳುತ್ತೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಮಗು ಬಾಯಿ ತೆರೆಯುತ್ತದೆ, ನೀನು "ಇಡ್ತೀನಿ ರೀ" ಅಂತ ಇಟ್ಟೇಬಿಡುತ್ತೀಯ. ಅದಕ್ಕೇ ಕಾಗದ. ಕೋಟೆಗೆ ಕಾಳು, ಸೌದೆ ತರುವ ವ್ಯಾನಿನವನು ಇವತ್ತು ನಿಮ್ಮ ಕಡೆಗೇ ವಾಪಸು ಹೊರಡುತ್ತಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಗೋಣಿಚೀಲ ಸುತ್ತಿದ ಒಂದು ದೊಡ್ಡ ಗಂಟನ್ನೂ ಕಳಿಸುತ್ತಿದ್ದೇನೆ. ಕಾಗದ ಓದಿ ಮುಗಿಸುವವರೆಗೂ ಗಂಟು ಬಿಚ್ಚಬೇಡ. ಮೂಲೆಯಿಂದ ಬೆರಳು ತೂರಿಸಿ ಮುಟ್ಟಿಯೂ ನೋಡಬೇಡ. ನಿನ್ನ ಬೆರಳಿನ ಬುದ್ಧಿ ನನಗೆ ಗೊತ್ತಿಲ್ಲವೇ.

ಮೊದಲು ನಿನ್ನ ಅಡುಗೆಮನೆಯ ಸಮಾಚಾರ, ಇಲ್ಲದಿದ್ದರೆ ನಿನಗೆ ಮುಂದೆ ಓದುವ ತಾಳ್ಮೆ ಇರುವುದಿಲ್ಲ. ನೀನು ಹೋದ ಮೇಲೆ ಆ ದೊಡ್ಡ ಒಲೆಯ ಮುಂದೆ ನಿಂತಿರುವವಳು ಕಮ್ಮಾರನ ಅಕ್ಕ. ಅವನು ಅಕ್ಕ ಅಕ್ಕ ಅಂತ ಅಂಗಳದ ಆ ಮೂಲೆಯಿಂದ ಕೂಗಿ ಕೂಗಿ ಈಗ ಅವಳು ಎಲ್ಲರಿಗೂ ಅಕ್ಕ, ನಮ್ಮ ಮೇಲ್ವಿಚಾರಕಿ ಮೇಡಮ್ಮಿಗೂ ಅಕ್ಕ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಬಂದ ಮೊದಲ ದಿನವೇ ಗಂಜಿ ತಳ ಹಿಡಿಯಿತು. ಕೋಟೆಗೆ ಟಿಕೆಟ್ಟು ಕೊಂಡು ಹಳೇ ಕಾಲದ ಅಡುಗೆ ನೋಡಲು ಬಂದವರು ಒಲೆಯ ಸುತ್ತ ನಿಂತಿದ್ದರು, ಅವರಲ್ಲೊಬ್ಬರು ಏನೋ ವಾಸನೆ ಅಂದರು. ಅಕ್ಕ ಸೌಟು ಮೇಲೆತ್ತಿ, "ಆಗಿನ ಕಾಲದಲ್ಲಿ ಹೀಗೇ ಸೀಯಿಸ್ತಿದ್ರು, ಹೊಟ್ಟೆಗೆ ಒಳ್ಳೇದು" ಅಂದುಬಿಟ್ಟಳು. ಅವರು ಹೌದಾ ಅಂತ ತಲೆಯಾಡಿಸಿ ಒಂದೊಂದು ಚಮಚ ರುಚಿ ನೋಡಿ ಹೋದರು. ಮಾರನೇ ದಿನ ಬೇರೆ ಗುಂಪು ಬಂದು ಆ ಸೀದ ಗಂಜಿ ಎಲ್ಲಿ ಅಂತ ಕೇಳಬೇಕೇ! ಮಾಡಿದ್ದುಣ್ಣೋ ಮಹಾರಾಯ ಅನ್ನುವ ಹಾಗೆ ಅಕ್ಕ ಆವತ್ತೂ ಬೇಕಂತಲೇ ಸೀಯಿಸಿದಳು. ಕೊನೆಗೆ ಮೇಡಮ್ಮೇ ಬಂದು, ಕೋಟೆ ಕಟ್ಟಿದವರ ಮೇಲೆ ಇಲ್ಲದ ಅಪವಾದ ಹೊರಿಸಬೇಡಿ ಅಂತ ನಗುತ್ತ ನಿಲ್ಲಿಸಿದರು. ಈಗ ಅಕ್ಕ ಎಲ್ಲರಿಗೂ "ಸೀದದ್ದು ನನ್ನ ಕೈಯಿಂದ, ಹಿಂದಿನವರ ತಪ್ಪಿಲ್ಲ" ಅಂತ ಹೇಳಿಯೇ ಬಡಿಸುತ್ತಾಳೆ. ಜನರಿಗೆ ಅದೇ ಹೆಚ್ಚು ಇಷ್ಟವಾಗಿದೆ. ನೀನೇನೂ ಹೊಟ್ಟೆಕಿಚ್ಚುಪಡಬೇಡ. ನಿನ್ನ ಜಾಗ ನಿನಗೇ ಇದೆ. ಆದರೆ ನೀನು ಬಂದ ಮೇಲೂ ಅವಳನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ, ಒಲೆಯ ಮುಂದೆ ಒಬ್ಬಳೇ ನಿಂತು ನಿನ್ನ ಮಂಡಿ ಸವೆದದ್ದು ಸಾಕು. ನಿನ್ನ ತಾಮ್ರದ ಪಾತ್ರೆಗಳೆಲ್ಲ ಕ್ಷೇಮ. ಕೊಕ್ಕೆಗೆ ನೇತುಹಾಕಿ ಹೋದ ಅನ್ನ ಬಸಿಯುವ ನಿನ್ನ ಆ ಕರೀ ಬುಟ್ಟಿ ಇದೆಯಲ್ಲ, "ಅದಕ್ಕೆ ಯಾರೂ ಕೈ ಹಚ್ಚಕೂಡದು" ಅಂತ ಹೊರಡುವಾಗ ವ್ಯಾನಿನ ಕಿಟಕಿಯಿಂದಲೂ ಕೂಗಿದ್ದೆಯಲ್ಲ, ಅದಕ್ಕೆ ಹೊರಗಿನವರು ಯಾರೂ ಕೈ ಹಚ್ಚಿಲ್ಲ. ನಾನೇ ಸಾಕ್ಷಿ.

ಈಗ ಮಗು ಹುಟ್ಟಿದ ಸುದ್ದಿ ಇಲ್ಲಿ ಹೇಗೆ ಮುಟ್ಟಿತು ಅನ್ನುವುದನ್ನು ಕೇಳು. ನಾವು ಹಳೇ ಕಾಲದವರಾಗಿ ಕೂತಿರುವ ಹೊತ್ತಿನಲ್ಲಿ ಫೋನು ಯಾರ ಕಣ್ಣಿಗೂ ಬೀಳಬಾರದಲ್ಲ, ಅದಕ್ಕೆ ನಾನು ಅದನ್ನು ಬೆತ್ತದ ಕಟ್ಟಿನ ಅಡಿಗೆ ತಳ್ಳಿ ಕೂತಿರುತ್ತೇನೆ. ನಮ್ಮ ಮಗಳು ಚಿಕ್ಕವಳಿದ್ದಾಗ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅಂತ ಯಾರಾದರೂ ಕೇಳಿದರೆ "ನಮ್ಮಪ್ಪ ಅಮ್ಮ ಹಿಂದಿನ ಕಾಲದಲ್ಲಿ ಕೆಲಸಕ್ಕೆ ಹೋಗ್ತಾರೆ, ಸಂಜೆ ಮನೆಗೆ ಬರ್ತಾರೆ" ಅನ್ನುತ್ತಿದ್ದಳು, ನೆನಪಿದೆಯಾ? ಆವತ್ತು ಅವಳ ಸುದ್ದಿಯೇ ಹಿಂದಿನ ಕಾಲಕ್ಕೆ ನುಗ್ಗಿ ಬಂತು. ಸುತ್ತ ಜನ, ನಾನು ಬುಟ್ಟಿಯ ಬುಡಕ್ಕೆ ಕಡ್ಡಿ ಹೇಗೆ ಅಡ್ಡ ಇಡಬೇಕು ಅಂತ ತೋರಿಸುತ್ತಿದ್ದೇನೆ, ಬೆತ್ತದ ಕಟ್ಟು ಇದ್ದಕ್ಕಿದ್ದ ಹಾಗೆ ಹಾಡತೊಡಗಿತು. ತೆಗೆದರೆ ಅಳಿಯ. ಅವನು ಅಳುತ್ತಿದ್ದ. ಆಮೇಲೆ "ಮಾವಾ, ಹೆಣ್ಣು, ಇಬ್ರೂ ಚೆನ್ನಾಗಿದ್ದಾರೆ" ಅಂದ. ನಾನು ಏನು ಕೂಗಿದೆನೋ ಗೊತ್ತಿಲ್ಲ, ಕಮ್ಮಾರನಿಗೂ ಕೇಳಿಸಿತು ಅಂದರೆ ನೀನೇ ಊಹಿಸು, ಸುತ್ತಿಗೆ ಬಡಿದು ಬಡಿದು ಅವನ ಕಿವಿ ಅರ್ಧ ಹೋಗಿದೆ. ಅವನು ಕಾದ ಕಬ್ಬಿಣ ಬಿಟ್ಟು ಬರೀ ಅಡಿಗಲ್ಲನ್ನೇ ಠಣ್ ಠಣ್ ಅಂತ ಬಡಿದ. ನೋಡಲು ಬಂದವರು ಇದೂ ಪ್ರದರ್ಶನದಲ್ಲಿ ಸೇರಿದೆ ಅಂತ ತಿಳಿದು ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜಿ ಮಾತ್ರ ನನ್ನ ಮುಖ ನೋಡಿ ಹತ್ತಿರ ಬಂದು, "ಮೊಮ್ಮಗುವಾ?" ಅಂತ ಕೇಳಿದಳು. ನಾನು ಕೈಯಲ್ಲಿದ್ದ ಕಡ್ಡಿಯನ್ನು ಅವಳ ಕೈಗಿಟ್ಟು ಹೂಂ, ಹೆಣ್ಣು ಅಂದೆ.

ಖುಷಿಯ ಹಿಂದೆಯೇ ಭಯವೂ ಬಂತು. ನೀನು ಅಳಿಯನ ಮುಂದೆ ಕೊಚ್ಚಿಕೊಂಡು ಕೂತಿದ್ದೀಯಲ್ಲ! ಗುಂಡಿ ಒತ್ತಿದರೆ ತಾನೇ ತೂಗಿ ತಾನೇ ಹಾಡುವ ತೊಟ್ಟಿಲಿನ ಚಿತ್ರವನ್ನು ಅವನು ಎಷ್ಟು ಆಸೆಯಿಂದ ತೋರಿಸಿದ. "ತೂಗೋಕೆ ಮನೇಲಿ ಕೈ ಇಲ್ವಾ? ನಮ್ಮವರು ಹೆಣೆದು ಕಳಿಸ್ತಾರೆ, ನೀವು ಸುಮ್ಮನಿರಿ" ಅಂದವಳು ನೀನು. ಅವನು ಒಳ್ಳೆಯವನು, ಎದುರು ಆಡಲಿಲ್ಲ. ಮಗು ಮನೆಗೆ ಬಂದ ಮೇಲೆ ಮೊದಲ ಭಾನುವಾರದವರೆಗೆ ನೋಡುತ್ತೇನೆ ಅತ್ತೆ, ಆಮೇಲೆ ಅಂಗಡಿಯದನ್ನು ತಂದುಬಿಡುತ್ತೇನೆ ಅಂದ. ನಾನು ಇನ್ನೂ ದಿನ ಇದೆ, ಇನ್ನೂ ದಿನ ಇದೆ ಅಂತ ಬೆತ್ತ ನೆನೆಹಾಕದೆ ಕೂತಿದ್ದೆ. ನಿನ್ನ ಮೊಮ್ಮಗಳಿಗೆ ನಿನ್ನದೇ ಅವಸರ, ಹೇಳಿದ ದಿನಕ್ಕೆ ಮುಂಚೆಯೇ ಬಂದಳು. ಆ ಭಾನುವಾರ ಅಂದರೆ ನಾಳೆ. ಮಗು ನಿಮ್ಮಿಬ್ಬರ ನಡುವೆ ದಿಂಬುಗಳ ಮಧ್ಯೆ ಮಲಗುತ್ತಿದೆ, ಯಾರು ಎಲ್ಲಿ ಹೊರಳುತ್ತಾರೋ ಅಂತ ನೀನು ಕಣ್ಣು ಮುಚ್ಚುತ್ತಿಲ್ಲ ಅಂತ ಮಗಳು ಹೇಳಿದಳು. ನನ್ನ ಕೆಲಸ ತಡವಾಗಿ ನಿನ್ನ ನಿದ್ದೆ ಹೋಯಿತಲ್ಲ ಅಂತ ನನಗೆ ನಿಜವಾಗಿಯೂ ಸಂಕಟವಾಯಿತು.

ಮಾರನೇ ಬೆಳಿಗ್ಗೆಯೇ ಮೇಡಮ್ಮನ್ನು ಕೇಳಿದೆ. ಬುಟ್ಟಿಯ ಬದಲು ತೊಟ್ಟಿಲು ಹೆಣೆಯಲೇ ಅಂದೆ. "ತೊಟ್ಟಿಲೂ ಹಳೇ ಕಾಲದ್ದೇ ಅಲ್ವಾ, ಜನ ನೋಡ್ಲಿ" ಅಂದರು. ಉದ್ದ ಬೆತ್ತ ನೆನೆಹಾಕಲು ಕಲ್ಲಿನ ತೊಟ್ಟಿ ಇರುವುದೂ ಇಲ್ಲೇ ಅಲ್ಲವೇ. ದಪ್ಪ ಕಡ್ಡಿಗಳನ್ನು ಆರಿಸಿ ಬುಡ ಹಾಕಿದೆ, ನಿಲುಕಡ್ಡಿಗಳನ್ನು ಎಬ್ಬಿಸಿದೆ, ಸುತ್ತಲೂ ಹೆಣಿಗೆ ಏರಿಸಿದೆ. ಕೈಗೆ ಅಂಥ ಹುರುಪು ಬಂದು ಎಷ್ಟೋ ವರ್ಷವಾಗಿತ್ತು. ಜನರೂ ಕದಲಲಿಲ್ಲ. ಬುಟ್ಟಿ ನೋಡುವವರು ನಿಂತು ಹೋಗುತ್ತಾರೆ, ತೊಟ್ಟಿಲು ನೋಡುವವರು ಕೂತೇಬಿಡುತ್ತಾರೆ, ಕೂತು ಅವರವರ ಮನೆಯ ಮಕ್ಕಳ ಕಥೆ ಹೇಳುತ್ತಾರೆ. ಸಂಜೆಯ ಹೊತ್ತಿಗೆ ಪಕ್ಕ ಮೊಳಕಾಲ ಮಟ್ಟಕ್ಕೆ ಬಂದಿತ್ತು. ಅಷ್ಟರಲ್ಲಿ ಬಾಗಿಲು ಮುಚ್ಚುವ ಗಂಟೆ ಹೊಡೆಯಿತು.

ಇಲ್ಲಿ ನೀನು ನಗುತ್ತೀಯ, ನಕ್ಕುಬಿಡು. ಗಂಟೆ ಹೊಡೆದರೆ ನಾನು ಏನು ಮಾಡುತ್ತೇನೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ಬಂದವರಿಗೆ ಬುಡ ಹಾಕುವುದನ್ನು ತೋರಿಸಬೇಕು, ಮಧ್ಯಾಹ್ನದವರಿಗೆ ಪಕ್ಕ ಏರಿಸುವುದನ್ನು. ನಾಳೆ ಮತ್ತೆ ಬುಡದಿಂದ ಶುರುವಾಗಬೇಕಾದರೆ ಇವತ್ತಿನದನ್ನು ಇವತ್ತೇ ಬಿಚ್ಚಿ ಬೆತ್ತವನ್ನು ತೊಟ್ಟಿಗೆ ಹಾಕಬೇಕು. ಈ ಕೋಟೆಗೆ ಸೇರಿದಾಗಿನಿಂದ ದಿನವೂ ಒಂದು ಬುಟ್ಟಿ ಹೆಣೆದಿದ್ದೇನೆ, ದಿನವೂ ಅದೇ ಬುಟ್ಟಿ ಬಿಚ್ಚಿದ್ದೇನೆ. ಗಂಟೆಗೂ ನನ್ನ ಕೈಗೂ ನೇರ ಸಂಬಂಧ, ನಡುವೆ ತಲೆಯ ಕೆಲಸವೇ ಇಲ್ಲ. ಆವತ್ತು ಒಬ್ಬರು ತಮ್ಮ ಅವಳಿ ಮಕ್ಕಳ ವಿಷಯ ಹೇಳುತ್ತಿದ್ದರು, ನಾನು ಹೌದಾ, ಹೌದಾ ಅನ್ನುತ್ತಿದ್ದೆ. ಕಥೆ ಮುಗಿದು ಅವರು ಎದ್ದಾಗ ಕೆಳಗೆ ನೋಡುತ್ತೇನೆ, ತೊಟ್ಟಿಲು ಇಲ್ಲ! ಬೆತ್ತ ಎಲ್ಲ ಅಂದವಾಗಿ ಸುರುಳಿ ಸುತ್ತಿಕೊಂಡು ನೀರಿನ ತೊಟ್ಟಿಯಲ್ಲಿ ಕೂತಿದೆ. ಕೈ ತನ್ನ ಪಾಡಿಗೆ ತಾನು ಮೊಮ್ಮಗಳ ತೊಟ್ಟಿಲನ್ನು ಬುಡಸಮೇತ ಬಿಚ್ಚಿ ಹಾಕಿತ್ತು.

ಒಂದು ಸಲ ಆದರೆ ಆಯಿತು ಅನ್ನಬಹುದು. ಮಾರನೇ ದಿನ ಮತ್ತೆ ಹೆಣೆದೆ, ಬೆಳಗಿನಿಂದ ಗಂಟೆಯ ಮೇಲೇ ಗಮನ ಇಟ್ಟುಕೊಂಡು ಕೂತೆ. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು. ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ನೀನು ಫೋನು ಮಾಡಿದೆ. ಮಗು ಇವತ್ತು ನನ್ನ ಬೆರಳು ಹಿಡಿದುಕೊಂಡಿತು ಅಂದೆ ನೋಡು, ನನಗೆ ಲೋಕವೇ ಮರೆತು ಹೋಯಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎರಡು ಕೈಯಲ್ಲೂ ಚಕಚಕನೆ ಬಿಚ್ಚಿದೆನಂತೆ. ಎದುರಿಗಿದ್ದ ಕಮ್ಮಾರ "ಅಣ್ಣಾ, ತೊಟ್ಟಿಲೂ! ತೊಟ್ಟಿಲೂ!" ಅಂತ ಕಿರುಚುತ್ತ ಓಡಿ ಬಂದ, ಅವನು ಯಾವಾಗಲೂ ಕಿರುಚುವವನೇ ಆದ್ದರಿಂದ ನಾನು ತಿರುಗಿಯೂ ನೋಡಲಿಲ್ಲ. ನಿನಗೆ ಆವತ್ತು "ಅರ್ಧ ಆಗಿದೆ" ಅಂದೆನಲ್ಲ, ಆ ಮಾತು ಹೇಳಿ ಮುಗಿಸುವ ಹೊತ್ತಿಗೆ ಅದು ಸುಳ್ಳಾಗಿತ್ತು.

ಆವಾಗ ಅಕ್ಕ ಮುಂದಾಳಾದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಇವರ ಕೈ ಖಾಲಿ ಬಿಟ್ಟರೆ ತಾನೇ ತೊಂದರೆ?" ಅಂದಳು. ಮುಂದಿನ ಸಂಜೆ ಮೇಡಂ ಗಂಟೆಯ ಹಗ್ಗಕ್ಕೆ ಕೈ ಹಾಕುವ ಮೊದಲೇ ಅಕ್ಕ ಒಲೆಯಿಂದ ನೆಟ್ಟಗೆ ಬಂದು ನನ್ನ ಎರಡು ಕೈಯಲ್ಲೂ ಒಂದೊಂದು ಬಟ್ಟಲು ಗಂಜಿ ಇಟ್ಟಳು. ಸುಡುಸುಡು ಗಂಜಿ. ಕೆಳಗಿಡೋಣ ಅಂದರೆ ಜಾಗ ಬಿಡಲಿಲ್ಲ, ಕುಡಿಯೋಣ ಅಂದರೆ ನಾಲಿಗೆ ಸುಡುತ್ತದೆ. ಎರಡೂ ಬಟ್ಟಲು ಹಿಡಿದುಕೊಂಡು ಗಂಟೆಯ ಸದ್ದು ನಿಲ್ಲುವವರೆಗೂ ಶಿಕ್ಷೆಗೆ ನಿಂತವನ ಹಾಗೆ ನಿಂತೆ. ಬೆರಳು ಬಟ್ಟಲಿನ ಮೇಲೇ ಆಡುತ್ತಿತ್ತಂತೆ, ಬಿಚ್ಚಲು ಎಳೆ ಹುಡುಕುತ್ತ. ಕಮ್ಮಾರ ಅಷ್ಟರಲ್ಲಿ ತೊಟ್ಟಿಲನ್ನು ಎತ್ತಿಕೊಂಡು ಉಗ್ರಾಣಕ್ಕೆ ಹಾಕಿ ಚಿಲಕ ಜಡಿದ. ಹೀಗೆ ದಿನವೂ ನಡೆಯಿತು. ನನ್ನನ್ನು ಉಣ್ಣಲು ಕಾಯುತ್ತಾರೆ ಅಂದೆನಲ್ಲ, ಇದೇ ಅದು. ಗಂಜಿ ಕುಡಿದು ಕುಡಿದು ನನಗೆ ಹೊಟ್ಟೆಯೂ ಸ್ವಲ್ಪ ಬಂದಿದೆ, ನೀನು ಬಂದಾಗ ಬೈಯಬೇಡ.

ಪಕ್ಕ ಎದ್ದಿತು, ತಲೆಯ ಕಡೆ ಎತ್ತರ, ಕಾಲಿನ ಕಡೆ ತಗ್ಗು, ನಮ್ಮ ಮಗಳದು ಇದ್ದ ಹಾಗೆಯೇ. ಆಮೇಲೆ ಬಾಯಿಗೆ ಬಂತು. ನಿಲುಕಡ್ಡಿಗಳ ತುದಿಗಳೆಲ್ಲ ಮೇಲಕ್ಕೆ ನಿಂತಿವೆ, ಇನ್ನು ಅವನ್ನು ಬಗ್ಗಿಸಿ ಒಂದರ ಹಿಂದೆ ಒಂದು ಹಾಯಿಸಿ ಒಳಗೆ ಸಿಕ್ಕಿಸಿ ಬಾಯಿ ಕಟ್ಟಬೇಕು. ನಾನು ಒಂದು ಕಡ್ಡಿ ಬಗ್ಗಿಸಿದೆ. ಕೈ ನಿಂತುಬಿಟ್ಟಿತು. ಮುಂದೇನು ಅಂತ ಅದಕ್ಕೆ ಗೊತ್ತೇ ಇಲ್ಲ! ಆಗ ನೆನಪಾಯಿತು, ನನಗೆ ಬಾಯಿ ಕಟ್ಟಲು ಯಾವತ್ತೂ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸಂತೆಗೆ ಬುಟ್ಟಿ ಹಾಕುತ್ತಿದ್ದ ದಿನಗಳಲ್ಲೂ ನಾನು ಹೆಣೆದು ನಿನ್ನ ಕಡೆ ತಳ್ಳುತ್ತಿದ್ದೆ, ನೀನು ಕಟ್ಟುತ್ತಿದ್ದೆ. "ಬುಡ ನಿಮ್ಮದು, ಬಾಯಿ ನಂದು" ಅನ್ನುತ್ತಿದ್ದೆಯಲ್ಲ. ನೀನು ಅಂದದ್ದು ಬುಟ್ಟಿಗೋ ಸಂಸಾರಕ್ಕೋ ಅಂತ ನಾನು ಕೇಳುತ್ತಿದ್ದೆ. ಕೋಟೆಗೆ ಬಂದ ಮೇಲಂತೂ ನನ್ನ ಬುಟ್ಟಿ ಬಾಯಿಯವರೆಗೆ ಹೋಗುವ ಮೊದಲೇ ಗಂಟೆ ಹೊಡೆಯುತ್ತದೆ. ಹೆಣೆಯುವ ಕಲೆ ನೋಡಲು ಎಲ್ಲೆಲ್ಲಿಂದಲೋ ಜನ ಬಂದು ನನ್ನ ಮುಂದೆ ಕೂರುತ್ತಾರೆ, ನನಗೆ ಒಂದು ಬುಟ್ಟಿ ಮುಗಿಸಲು ಬರುವುದಿಲ್ಲ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಊಹೆಯ ಮೇಲೆ ಕಟ್ಟಿ ನೋಡಿದೆ. ಒಂದು ಸುತ್ತು ಬರುವಷ್ಟರಲ್ಲಿ ಎಲ್ಲವೂ ಪಟಪಟನೆ ಎದ್ದು ನಿಂತವು, ಒಂದು ಕಡ್ಡಿ ನನ್ನ ಕೆನ್ನೆಗೇ ಬಾರಿಸಿತು. ಅದಕ್ಕೇ ಮೊನ್ನೆ ನಿನಗೆ ಫೋನು ಮಾಡಿ, ಯಾರೋ ಬಂದವರು ಕೇಳುತ್ತಿದ್ದಾರೆ, ಬಾಯಿ ಕಟ್ಟುವುದು ಹೇಗೆ ಹೇಳು ಅಂದದ್ದು. ಬಂದವರೂ ಇಲ್ಲ, ಹೋದವರೂ ಇಲ್ಲ, ಕೇಳಿದವನು ನಾನೇ. "ಅದೇನು ಮಹಾ, ಮುಂದಿಂದು ಹಿಂದೆ, ಹಿಂದಿಂದು ಒಳಗೆ, ಅಷ್ಟೇ ಕಣ್ರೀ" ಅಂದೆ. ಆಮೇಲೆ ಮಗು ಅತ್ತಿತು, ನೀನು ಇಟ್ಟೆ. ಮುಂದಿನದು ಅಂದರೆ ಯಾವುದರ ಮುಂದಿನದು? ಒಳಗೆ ಅಂದರೆ ಎಷ್ಟು ಒಳಗೆ? ಕೈಯಲ್ಲಿರುವುದು ಬಾಯಲ್ಲಿ ಬರುವುದಿಲ್ಲ, ನಿನ್ನಂಥ ಬಾಯಲ್ಲೂ ಬರುವುದಿಲ್ಲ ಅಂತ ಆವತ್ತು ಗೊತ್ತಾಯಿತು. ಮತ್ತೆ ಕೇಳಿದರೆ ನಿನಗೆ ಅನುಮಾನ ಬರುತ್ತದೆ, ಕೇಳದಿದ್ದರೆ ಭಾನುವಾರ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಆ ಸಂಜೆ ಎದ್ದು ನಿಂತ ಆ ಕಡ್ಡಿಗಳನ್ನು ನೋಡಿ ನನಗೆ ನಿನ್ನ ನೆನಪು ಬಂದಷ್ಟು ನೀನು ಹೋದಂದಿನಿಂದ ಬಂದಿರಲಿಲ್ಲ. ಹಾಡುವ ತೊಟ್ಟಿಲನ್ನು ಅಳಿಯ ಮನೆಯೊಳಗೆ ಇಳಿಸುವಾಗ ನೀನು ಮೂಲೆಯಲ್ಲಿ ಸುಮ್ಮನೆ ನಿಂತಿರುವುದು ಕಣ್ಣಿಗೆ ಕಟ್ಟಿದ ಹಾಗಾಯಿತು. ನೀನು ಸುಮ್ಮನೆ ನಿಲ್ಲುವುದನ್ನು ನನ್ನ ಕೈಯಲ್ಲಿ ನೋಡಲಾಗುವುದಿಲ್ಲ.

ಆದರೆ ಬಂತು ಕಣೇ! ನಿನ್ನೆ ಬಂತು. ಹೇಗೆ ಬಂತು ಅಂತ ಈಗ ಕೇಳಬೇಡ. ಬೆಳಿಗ್ಗೆ ಕೂತು ಮೊದಲ ಕಡ್ಡಿ ಬಗ್ಗಿಸಿದೆ, ಎರಡನೆಯದರ ಹಿಂದೆ ಹಾಯಿಸಿದೆ, ಮುಂದಿನದರ ಮುಂದೆ ತಂದು ಒಳಗೆ ತಳ್ಳಿದೆ, ಅದು ಕೂತಿತು. ಕೂತೇ ಇತ್ತು. ನನ್ನ ಕೈಯಲ್ಲಿ ನಿನ್ನ ಕೈ ಬಂದು ಕೂತ ಹಾಗಿತ್ತು, ಸುಳ್ಳಲ್ಲ. ನಿಧಾನವಾಗಿ ಹೋದೆ, ತಪ್ಪಿದಲ್ಲಿ ತೆಗೆದು ಮತ್ತೆ ಹಾಕಿದೆ. ಮಧ್ಯಾಹ್ನ ಬಂದ ಜನರಿಗೆ ಅಕ್ಕ ಒಲೆಯ ಕಡೆಯಿಂದಲೇ ಇಡೀ ಕಥೆ ಹೇಳಿಬಿಟ್ಟಿದ್ದಳು, ಮಗು, ಅಳಿಯ, ಗುಂಡಿ, ಗಂಜಿ ಎಲ್ಲ. ಅವರು ಅಡುಗೆ ನೋಡುವುದನ್ನು ಬಿಟ್ಟು ನನ್ನ ಸುತ್ತ ಸೇರಿದರು. ಗಂಟೆಯ ಹೊತ್ತಾಯಿತು, ಇನ್ನೂ ಒಂದು ಕೈಯಗಲ ಬಾಕಿ. ಯಾರೂ ಹೊರಡಲಿಲ್ಲ. ಮೇಡಂ ಗಂಟೆಯ ಹಗ್ಗ ಹಿಡಿದುಕೊಂಡೇ ನಿಂತಿದ್ದರು, ಎಳೆಯಲಿಲ್ಲ. "ಮುಗಿಸಿ ಅಣ್ಣಾ, ನಾನು ಹೊಡೆಯಲ್ಲ" ಅಂದರು. ಕೋಟೆಯಲ್ಲಿ ಬಾಗಿಲು ಮುಚ್ಚುವ ಹೊತ್ತು ಮೀರಿದ್ದು ನಾನು ಕಂಡ ಹಾಗೆ ಅದೇ ಮೊದಲು.

ನಾನು ಮುಗಿಯಿತು ಅಂತ ಕೈ ಎತ್ತಿದಾಗ ಕಮ್ಮಾರ ಅಡಿಗಲ್ಲು ಬಡಿದ ಬಡಿತಕ್ಕೆ ಪಾರಿವಾಳಗಳೆಲ್ಲ ಎದ್ದವು. ಅವನು ನನಗೆ ಗೊತ್ತಾಗದ ಹಾಗೆ ಹಗ್ಗ ಕಟ್ಟಲು ನಾಲ್ಕು ಬಳೆ ಮಾಡಿ ಇಟ್ಟಿದ್ದ, ಎಷ್ಟು ನಯವಾಗಿ ಉಜ್ಜಿದ್ದಾನೆ ಅಂದರೆ ಮಗು ಬಾಯಿಗೆ ಹಾಕಿದರೂ ಚುಚ್ಚುವುದಿಲ್ಲ. ಅಕ್ಕ ತನ್ನ ಹಳೇ ಸೀರೆ ಮಡಿಸಿ ಹಾಸಿಗೆ ಹೊಲಿದಿದ್ದಾಳೆ. ಒಲೆಯ ಮೇಲಿನ ತೊಲೆಗೆ ಕಟ್ಟಿ, ಮಗುವಿನ ತೂಕ ಇಷ್ಟಿರಬಹುದು ಅಂತ ಅಂದಾಜು ಮಾಡಿ ಒಂದು ಕಾಳಿನ ಚೀಲ ಮಲಗಿಸಿ ತೂಗಿ ನೋಡಿದೆವು. ಮೇಡಂ ಆ ಕಾಳಿನ ಚೀಲಕ್ಕೆ ಜೋಗುಳ ಹಾಡಿದರು. ಸುತ್ತ ನಿಂತ ಗುರುತಿಲ್ಲದ ಜನರೆಲ್ಲ ಒಬ್ಬೊಬ್ಬರಾಗಿ ಬಂದು ಒಂದೊಂದು ಸಲ ತೂಗಿ ಹೋದರು. ಬಾಯಿಯ ಕೆಳಗೆ ಸುತ್ತಿ ಬಂದಿರುವ ಕರೀ ಪಟ್ಟಿ ಚೆನ್ನಾಗಿದೆ, ಯಾವ ಬಣ್ಣ ಅಂತ ಕೆಲವರು ಕೇಳಿದರು. ಹಳೇ ಬಣ್ಣ ಅಂದೆ. ಅಕ್ಕನ ಕಣ್ಣು ಚುರುಕು, "ಅಣ್ಣಾ, ಇಲ್ಲೊಂದು ಕಡ್ಡಿ ಹೊರಗೇ ಉಳಿದಿದೆ" ಅಂತ ತೋರಿಸಿದಳು. ಇರಲಿ ಬಿಡಮ್ಮ, ಅದು ಹಾಗೇ ಇರಬೇಕು ಅಂದೆ. ಆಮೇಲೆ ಮೇಡಂ ಗಂಟೆ ಹೊಡೆದರು. ನನ್ನ ಕೈ ತೊಟ್ಟಿಲಿನ ಮೇಲೇ ಇತ್ತು, ಇವಳೇ. ಅಲುಗಾಡಲಿಲ್ಲ.

ಇನ್ನು ಗಂಟು ಬಿಚ್ಚು. ಅಳಿಯನ ಮುಂದೆಯೇ ಬಿಚ್ಚು, ಆದರೆ ಬೀಗಬೇಡ, ಪಾಪ, ಅವನ ಆಸೆಯೂ ದೊಡ್ಡದೇ. ತೂಗುವ ಸರದಿ ಮೊದಲು ಅವನಿಗೇ ಕೊಡು. ಮಗಳಿಗೆ ನನ್ನ ಆಶೀರ್ವಾದ, ಹಿಂದಿನ ಕಾಲದಲ್ಲಿ ಕೆಲಸ ಮಾಡುವ ಅಪ್ಪ ಇವತ್ತಿನದೊಂದನ್ನು ಕಳಿಸಿದ್ದಾನೆ ಅಂತ ಹೇಳು. ಮೊಮ್ಮಗಳ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ಅಕ್ಕ, ಕಮ್ಮಾರ, ಮೇಡಂ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನಾನೂ ಕೇಳಿದ್ದೇನೆ ಅಂತ ಬೇರೆ ಹೇಳಬೇಕೇ?

ಇಂತು,
ನಿನ್ನ ಇವರು

ಮರೆತಿದ್ದು: ವ್ಯಾನಿನವನು ಹಾರ್ನ್ ಒತ್ತುತ್ತಿದ್ದಾನೆ, ಆದರೂ ಹೇಳದೆ ಕಳಿಸಿದರೆ ನನಗೆ ಅನ್ನ ಇಳಿಯುವುದಿಲ್ಲ. ನಿನ್ನ ಬಸಿಯುವ ಬುಟ್ಟಿ ಈಗ ಕೊಕ್ಕೆಯಲ್ಲಿಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಮಾಡಿದ ಮೊದಲನೇ ಬುಟ್ಟಿ ಅದು ಅಂತ ನನಗೂ ನೆನಪಿದೆ, ಅದಕ್ಕೇ ಮೊನ್ನೆ ನೀನು ಫೋನು ಇಟ್ಟ ಮೇಲೆ ಅದರ ಹತ್ತಿರ ಹೋದೆ. ಕಟ್ಟಲು ಬರದವನಿಗೆ ಬಿಚ್ಚಲು ಚೆನ್ನಾಗಿ ಬರುತ್ತದಲ್ಲ. ನೀನು ಕಟ್ಟಿದ್ದನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಕಟ್ಟುವ ದಾರಿ ತಾನೇ ಸಿಗುತ್ತದೆ ಅಂತ ಬಿಸಿನೀರಿನಲ್ಲಿ ನೆನೆಹಾಕಿ, ಯಾರೂ ನೋಡದ ಹಾಗೆ ಅಡುಗೆಮನೆಯ ಬಾಗಿಲ ಹಿಂದೆ ಕೂತೆ. ಬಾಯಿ ಮಾತ್ರ ಬಿಚ್ಚುವುದು ಅಂತಲೇ ಇತ್ತು, ನಿನ್ನಾಣೆ. ನೀನು ಮಡಿಸಿದ ಒಂದೊಂದು ಮಡಿಕೆಯೂ ಆ ಬೆತ್ತದಲ್ಲಿ ಹಾಗೇ ಉಳಿದಿತ್ತು, ಎಲ್ಲವೂ ಅರ್ಥವಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಗಿಲ ಹಿಂದೆ ಇದ್ದೆನಾದ್ದರಿಂದ ಗಂಜಿ ತರುವವರೂ ಇರಲಿಲ್ಲ. ಎಚ್ಚರವಾದಾಗ ಬುಡವೂ ಉಳಿದಿರಲಿಲ್ಲ. ತೊಟ್ಟಿಲಿನ ಬಾಯಿಯ ಕೆಳಗಿನ ಕರೀ ಪಟ್ಟಿ ಅದೇ ಬೆತ್ತ, ನಿನ್ನ ಒಲೆಯ ಹೊಗೆ ಕುಡಿದದ್ದು, ಒಂದು ಎಳೆಯೂ ಎಸೆದಿಲ್ಲ. ಬೈಯುವ ಮೊದಲು ಇನ್ನೊಂದು ಮಾತು ಕೇಳು. "ನನ್ನ ಕೈ ತಪ್ಪಿದ್ದು ಒಂದು ತೋರಿಸಿ ನೋಡೋಣ" ಅಂತ ಇಷ್ಟು ವರ್ಷ ಸವಾಲು ಹಾಕಿದೆಯಲ್ಲ, ತೋರಿಸುತ್ತೇನೆ. ಆ ಬುಟ್ಟಿಯ ಬಾಯಲ್ಲಿ ಒಂದು ಕಡೆ ಒಂದೇ ಸಂದಿಗೆ ಎರಡು ಕಡ್ಡಿ ತೂರಿಸಿ, ಖಾಲಿ ಉಳಿದ ಸಂದಿಗೆ ಗೊತ್ತಾಗದ ಹಾಗೆ ಒಂದು ಚೂರು ಸಿಕ್ಕಿಸಿದ್ದೀಯ. ನಾನು ಆಗ ಎದುರಿಗೇ ಕೂತಿದ್ದೆ. ಆ ಹೊತ್ತಿಗೆ ನೀನು ತಲೆಯೆತ್ತಿ ನನ್ನ ಕಡೆ ನೋಡಿರಬೇಕು ಅನ್ನುವುದು ನನ್ನ ಲೆಕ್ಕ. ತೊಟ್ಟಿಲಿನಲ್ಲೂ ಆ ತಪ್ಪನ್ನು ತಲೆಯ ಕಡೆ ಹಾಗೇ ಇಟ್ಟಿದ್ದೇನೆ, ಬೇಕಂತಲೇ. ಅದರ ಪಕ್ಕದಲ್ಲಿ ಒಂದು ಕಡ್ಡಿ ಹೊರಗೆ ಬಿಟ್ಟಿದ್ದೇನೆ. ಅದನ್ನು ಒಳಗೆ ತೂರಿಸಿ ಆಮೇಲೆ ಮಗುವನ್ನು ಮಲಗಿಸು. ಬುಡ ನನ್ನದು, ಬಾಯಿ ನಿನ್ನದು.